ಸೊಸೆಯ ಕಂಪ್ಯೂಟರೂ ನಮ್ಮನೆಯವರ ಪಿನ್ನೂ

ನಮ್ಮನೆಗೆ ಹೊಸ ಸಾಮಾನು ಬಂದರೆ ಅದರ ಬೆನ್ನಿಗೇ ಒಂದು ನಗೆಪಾಟಲೂ ಬಂದೇ ಬರುತ್ತದೆ. ಮಿಕ್ಸಿ ಬಂದಾಗ ಬಂದಿತ್ತು, ಫ್ರಿಜ್ ಬಂದಾಗಲೂ ಬಂದಿತ್ತು. ಈ ಸಲ ಕಂಪ್ಯೂಟರ್ ಇಡಿಯಾಗಿ ಬರದೆ ಬಿಡಿ ಭಾಗಗಳಾಗಿ ಬಂದದ್ದರಿಂದ ನಗೆಪಾಟಲೂ ಬಿಡಿ ಬಿಡಿಯಾಗಿಯೇ ಬಂತು.

ನಾನು ಗಣಿತದಲ್ಲಿ ಬಿ.ಎಸ್ಸಿ. ಮಾಡಿದವಳು. ಗುಲ್ವಾಡಿಯ ಈ ಮನೆಗೆ ಮದುವೆಯಾಗಿ ಬಂದ ವರ್ಷದಿಂದ ಒಂದು ಪುಸ್ತಕ ಇಟ್ಟಿದ್ದೇನೆ. ಯಾವ ಸಾಮಾನು ಯಾವಾಗ ಬಂತು, ಯಾವಾಗ ಕೆಟ್ಟಿತು, ಯಾವುದರಿಂದ ಕೆಟ್ಟಿತು, ಎಲ್ಲವೂ ಅದರಲ್ಲಿದೆ. ನಮ್ಮನೆಯವರು ಅದಕ್ಕೆ ಜನನ ಮರಣ ಪುಸ್ತಕ ಎಂದು ಹೆಸರಿಟ್ಟಿದ್ದಾರೆ.

ಸೊಸೆ ಬ್ರಹ್ಮಾವರದವಳು, ಬಿಸಿಎ ಓದಿದವಳು. ಹೊರ ಊರಿನಲ್ಲಿ ಕೆಲಸದಲ್ಲಿರುವ ನಮ್ಮ ಮಗನಿಗೆ ಹೆಣ್ಣು ನೋಡಲು ಹೋದ ದಿನ ಅವಳ ತಾಯಿ, "ಮಗಳ್ ಕಲ್ತದ್ದ್ ಹಾಳಾಪ್ದ್ ಬೇಡ" ಎಂದಿದ್ದರು. "ಅದಕ್ಕೆ ನಾನ್ ಜವಾಬ್ದಾರಿ" ಎಂದು ನಾನು ಮಾತು ಕೊಟ್ಟೆ. ಆಮೇಲೆ ಬಾಣಂತನ, ಮಗುವಿನ ಜ್ವರ, ಗದ್ದೆಯ ಕೆಲಸ. ಮಾತು ಮಾತಾಗಿಯೇ ಉಳಿಯಿತು. ಈ ವರ್ಷ ಒಂದು ಕಂಪನಿ, ಮನೆಯಿಂದಲೇ ಪ್ರೋಗ್ರಾಂ ಬರೆಯುವ ಕೆಲಸದ ಪರೀಕ್ಷೆಗೆ ಅವಳನ್ನು ಕರೆಯಿತು. ಮನೆಯಲ್ಲೇ, ಸ್ವಂತ ಕಂಪ್ಯೂಟರಿನ ಮುಂದೆ ಕೂತು ಎರಡು ಗಂಟೆ ಬರೆಯಬೇಕು. ನಡುವೆ ಕಂಪ್ಯೂಟರ್ ಆರಿತೋ, ಅಲ್ಲಿಗೆ ಮುಗಿಯಿತು. ಇನ್ನೊಂದು ಸಲ ಕೊಡುವುದಿಲ್ಲ.

"ಅತ್ತೆ, ನಾನ್ ಟ್ಯೂಷನ್ ಹೇಳಿ ಕೂಡಿಟ್ಟದ್ರಲ್ಲೇ ಆಯ್ಕ್. ಬಿಡಿ ಭಾಗ ತಕಂಡ್ ನಾನೇ ಜೋಡ್ಸ್ತೆ" ಎಂದಳು ಸೊಸೆ. ನನಗೆ ಸರಿ ಅನ್ನಿಸಿತು. ಉಪ್ಪುಗಾಳಿಯ ಊರಿನಲ್ಲಿ ಸಾಮಾನು ಒಟ್ಟಿಗೇ ಸಾಯುವುದಿಲ್ಲ, ಒಂದೊಂದೇ ಅಂಗ ಸಾಯುತ್ತದೆ ಎಂದು ನನ್ನ ಪುಸ್ತಕವೇ ಹೇಳುತ್ತದೆ. ಬಿಡಿಯಾಗಿ ತಂದದ್ದನ್ನು ಬಿಡಿಯಾಗಿ ಬದಲಿಸಬಹುದು.

೧. ಮದರ್ ಮತ್ತು ಕೇಸ್

ಕಂಪ್ಯೂಟರಿನ ಎಲ್ಲ ಭಾಗಗಳನ್ನು ಕೂರಿಸುವ ಹಲಗೆಗೆ ಮದರ್‌ಬೋರ್ಡ್ ಎಂದೂ, ಆ ಹಲಗೆಯನ್ನು ಒಳಗಿಡುವ ಪೆಟ್ಟಿಗೆಗೆ ಕೇಸ್ ಎಂದೂ ಹೆಸರು. ಇದು ನನಗೆ ಗೊತ್ತು. ಗೇಟಿನ ಹತ್ತಿರ ಬುಟ್ಟಿ ಇಳಿಸುತ್ತಿದ್ದ ಮೀನಿನ ಅಕ್ಕನಿಗೆ ಗೊತ್ತಿರಲಿಲ್ಲ. ಸೊಸೆ ಜಗಲಿಯಲ್ಲಿ ನಿಂತು ಕುಂದಾಪುರದ ಅಂಗಡಿಯವರ ಹತ್ತಿರ ಫೋನಿನಲ್ಲಿ, "ಮದರಿಗೆ ಸರಿಯಾದ್ ಕೇಸೇ ಹಾಕ್ಕ್. ಹಗೂರದ್ದ್ ಬೇಡ, ಗಟ್ಟಿ ಕೇಸೇ ಆಯ್ಕ್" ಎನ್ನುತ್ತಿದ್ದಳು.

ಮೀನಿನ ಅಕ್ಕ ನನ್ನನ್ನೊಮ್ಮೆ ಅಯ್ಯೋ ಪಾಪ ಎನ್ನುವಂತೆ ನೋಡಿದಳು. ಕೇಳದೆಯೇ ಎರಡು ಬಂಗುಡೆ ಹೆಚ್ಚಿಗೆ ಹಾಕಿ, "ತಿನ್ನಿ ಅಮ್ಮ, ಧೈರ್ಯ ಬಿಡ್ಬೇಡಿ" ಎಂದು ಹೋದಳು. ಹೆಚ್ಚಿಗೆ ಸಿಕ್ಕಿದ ಮೀನನ್ನು ನಾನು ಒಳಗೆ ಒಯ್ದು ಕೊಯ್ಯಲು ಕೂತೆ.

ಮಧ್ಯಾಹ್ನ ಊಟದ ಹೊತ್ತಿಗೆ ಬಿಜೂರಿನಿಂದ ನನ್ನ ಅಣ್ಣ ಬಂದಿಳಿದ. ಮುಖ ಕೆಂಪಾಗಿತ್ತು.

"ತಂಗೀ, ಹೆದ್ರ್ಬೇಡ, ನಾನಿದ್ದೆ. ಸೊಸೆ ನಿನ್ ಮೇಲೆ ಕೇಸ್ ಹಾಕ್ತಿತ್ತಂಬ್ರಲೆ?"

ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕು, ಫೋನಿನಲ್ಲಿ ಪೆಟ್ಟಿಗೆಯ ಚಿತ್ರ ತೋರಿಸಿದಳು. ಅಣ್ಣ ಅದನ್ನು ಹಿಂದೆ ಮುಂದೆ ನೋಡಿದ. ನಿರಾಳವಾದಂತೆ ಕಾಣಲಿಲ್ಲ.

"ಹಾಂಗಾರೆ ವಕೀಲ್ರಿಗೆ ಎಂತ ಹೇಳುದ್ ಮಾರಾಯ್ತಿ? ಅವ್ರ್ ಬೈಂದೂರಿಂದ ಹೊರ್ಟ್ ಹೆಮ್ಮಾಡಿ ದಾಟಿರಲೆ!"

೨. ಮೀನಿಲ್ಲದ ಪೆಟ್ಟಿಗೆ

ಭಾಗಗಳನ್ನು ಕಣ್ಣಾರೆ ನೋಡಿಯೇ ತರೋಣ ಎಂದು ನಾನು, ನಮ್ಮನೆಯವರು, ಸೊಸೆ ಮೂವರೂ ಕುಂದಾಪುರಕ್ಕೆ ಹೋದೆವು. ಬಸ್ಸಿನಲ್ಲಿ ಸೊಸೆ ನನಗೆ ಪಾಠ ಹೇಳಿದಳು. ಪ್ರೊಸೆಸರ್ ಎಂದರೆ ಅಡುಗೆ ಮಾಡುವವಳು. ಎಸ್‌ಎಸ್‌ಡಿ ಎಂದರೆ ಉಗ್ರಾಣ. ರ‍್ಯಾಮ್ ಎಂದರೆ ಅಡುಗೆ ಕಟ್ಟೆ. ಉಗ್ರಾಣ ಎಷ್ಟೇ ತುಂಬಿರಲಿ, ಕಟ್ಟೆ ಸಣ್ಣದಾದರೆ ಒಂದು ಪಾತ್ರೆ ಇಳಿಸಿಯೇ ಇನ್ನೊಂದು ಇಡಬೇಕು. ಗ್ರಾಫಿಕ್ಸ್ ಕಾರ್ಡ್ ಎಂದರೆ ಮದುವೆಗೆ ಕರೆಸುವ ಅಡುಗೆಯವರ ತಂಡ; ದಿನದ ಗಂಜಿಗೆ ಬೇಡ. ನಾನು ಕಾಲೇಜಿನಲ್ಲಿ ಕೇಳಿದ ಎಷ್ಟೋ ಪಾಠಗಳಿಗಿಂತ ಇದು ಚೆನ್ನಾಗಿತ್ತು.

ಅಂಗಡಿಯವರು ಕೇಳಿದ ಮೊದಲ ಪ್ರಶ್ನೆ, "ಮಗ ಯಾವ್ ಗೇಮ್ ಆಡುದ್ ಅಮ್ಮ?"

"ಮಗ ಅಲ್ಲ, ಸೊಸೆ. ಗೇಮ್ ಅಲ್ಲ, ಕೆಲ್ಸ" ಎಂದೆ.

"ಓ, ಹಾಂಗಾರೆ ಈ ಹಳೇದೇ ಸಾಕ್. ಸೀರಿಯಲ್ ಲಾಯ್ಕ್ ಕಾಣತ್ತ್."

ಸೊಸೆ ತನಗೆ ಬೇಕಾದ ಭಾಗಗಳ ಪಟ್ಟಿ ಕೊಟ್ಟಳು. ಅದನ್ನು ಓದುತ್ತಾ ಓದುತ್ತಾ ಅವರು ಸೀರಿಯಲ್ ವಿಷಯ ಬಿಟ್ಟು, ಅವಳಿಗೆ ಕುರ್ಚಿ ಎಳೆದು ಕೊಟ್ಟರು.

ಇಷ್ಟರಲ್ಲಿ ನಮ್ಮನೆಯವರು ಮೂಲೆಯಲ್ಲಿದ್ದ ಒಂದು ಗಾಜಿನ ಕೇಸಿನ ಮುಂದೆ ನಿಂತುಬಿಟ್ಟಿದ್ದರು. ಒಳಗೆ ಕೆಂಪು, ನೀಲಿ, ಹಸಿರು ದೀಪಗಳ ಫ್ಯಾನು ತಿರುಗುತ್ತಿತ್ತು. ಬಗ್ಗಿ ನೋಡಿದರು, ಹಿಂದಿನಿಂದ ನೋಡಿದರು, ಬೆರಳಿನಿಂದ ಗಾಜನ್ನು ತಟ್ಟಿದರು. ಕಡೆಗೆ ಅಂಗಡಿಯವರನ್ನು ಕರೆದು ಕೇಳಿದರು:

"ಲಾಯ್ಕ್ ಇತ್ತ್. ಮೀನ್ ನೀವೇ ಕೊಡ್ತ್ರ್ಯಾ, ನಾವ್ ಬೇರೆ ತಕಣ್ಕಾ?"

೩. ಪುಸ್ತಕ ಹೇಳಿದ ಸಾಕ್ಷಿ

ಎಲ್ಲ ಭಾಗ ಆರಿಸಿದ ಮೇಲೆ ಇನ್ನೊಂದಕ್ಕೆ ಮಾತ್ರ ದುಡ್ಡು ಉಳಿಯಿತು. ಸಣ್ಣ ಪರದೆಯ ಬದಲು ದೊಡ್ಡದು ತಕೊಳ್ಳಿ, ಕಣ್ಣಿಗೆ ಹಿತ ಎಂದು ಅಂಗಡಿಯವರ ಸಲಹೆ. ಸೊಸೆಗೂ ಸ್ವಲ್ಪ ಆಸೆ ಇತ್ತು. ನಾನು ಯುಪಿಎಸ್ ಎಂದೆ. ಕರೆಂಟ್ ಹೋದರೂ ತನ್ನ ಬ್ಯಾಟರಿಯಿಂದ ಕಂಪ್ಯೂಟರನ್ನು ಕಾಲು ಗಂಟೆ ಓಡಿಸುವ ಪೆಟ್ಟಿಗೆ ಅದು.

"ಅದೆಲ್ಲ ಆಮೇಲ್ ತಕಂಡ್ರೂ ಆತ್ತ್ ಅಮ್ಮ" ಎಂದರು ಅವರು.

ನಾನು ಚೀಲದಿಂದ ಪುಸ್ತಕ ತೆಗೆದು ಮರಣದ ಪುಟ ಓದಿದೆ. "ಟಿವಿ, ಸಿಡಿಲು. ಫೋನ್, ಸಿಡಿಲು. ನೀರಿನ ಪಂಪು, ಸಿಡಿಲು. ಎರಡನೇ ಟಿವಿ, ಸಿಡಿಲು. ಗ್ರೈಂಡರ್, ನಮ್ಮನೆಯವರು."

"ಗ್ರೈಂಡರಿಗೆ ಎಂತ ಆಯ್ತ್?"

"ರಿಪೇರಿ ಮಾಡಿರ್."

ಅಂಗಡಿಯವರು ಒಮ್ಮೆ ಮೂಲೆಯಲ್ಲಿ ಇನ್ನೂ ಗಾಜು ತಟ್ಟುತ್ತಿದ್ದ ನಮ್ಮನೆಯವರ ಕಡೆ ನೋಡಿದರು. ಯುಪಿಎಸ್ ಕಟ್ಟಿ ಕೊಟ್ಟು, "ಇದನ್ನ್ ಅವ್ರ ಕೈಗೆ ಸಿಕ್ಕದ್ ಹಾಂಗ್ ಇಡಿ" ಎಂದರು.

೪. ಬಿಸಿ ಎಳೆಯುವ ಮುಲಾಮು

ಜೋಡಿಸುವ ದಿನ ಸೊಸೆ ಚಾವಡಿಯಲ್ಲಿ ಚಾಪೆ ಹಾಸಿ ಎಲ್ಲವನ್ನೂ ಸಾಲಾಗಿ ಇಟ್ಟಳು. ಪ್ರೊಸೆಸರಿನ ಮೇಲೆ ಹಚ್ಚಬೇಕಾದ ಬೂದು ಬಣ್ಣದ ಪೇಸ್ಟಿನ ಟ್ಯೂಬು ಮಾತ್ರ ಕಾಣಲಿಲ್ಲ. ಅದಿಲ್ಲದೆ ಪ್ರೊಸೆಸರ್ ಕಾದು ಕೆಂಡವಾಗುತ್ತದೆ.

"ನಿನ್ನೆ ಇಲ್ಲೇ ಇಟ್ಟಿದ್ದೆ ಅತ್ತೆ, ಮಾವನಿಗೂ ತೋರ್ಸಿದ್ದೆ."

"ಎಂತ ಅಂತ ಹೇಳಿ ತೋರ್ಸಿದ್ದೆ ಮಗಾ?"

"ಹಚ್ಚಿದ್ರೆ ಬಿಸಿ ಎಲ್ಲ ಎಳ್ದ್ ತೆಗಿತ್ತ್ ಅಂದೆ."

ಇಬ್ಬರೂ ಒಟ್ಟಿಗೇ ಜಗಲಿಗೆ ಹೋದೆವು. ನಮ್ಮನೆಯವರು ಪಂಚೆ ಮೇಲೆ ಕಟ್ಟಿ, ಎರಡೂ ಮೊಣಕಾಲನ್ನು ಬಿಸಿಲಿಗೆ ಚಾಚಿ ಕೂತಿದ್ದರು. ಮೊಣಕಾಲು ಅಲ್ಯುಮಿನಿಯಂ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

ಟ್ಯೂಬನ್ನು ಬುಡದಿಂದ ಒತ್ತಿ ಒತ್ತಿ ಬಟಾಣಿಯಷ್ಟು ಹೊರಗೆ ತಂದೆವು. ಬೇಕಾದದ್ದು ಅಷ್ಟೇ. ಸೋಪು, ತೆಂಗಿನ ನಾರು, ಸೀಮೆಎಣ್ಣೆ ಯಾವುದಕ್ಕೂ ಮೊಣಕಾಲಿನ ಬೂದು ಬಣ್ಣ ಒಂದು ವಾರ ಹೋಗಲಿಲ್ಲ. ನಮ್ಮನೆಯವರಿಗೆ ಬೇಸರವೇನೂ ಇರಲಿಲ್ಲ.

"ಕಂಪ್ಯೂಟರಿಂದ್ ನಂಗ್ ಗೊತ್ತಿಲ್ಲೆ. ಗಂಟ್ ನೋವಿಗೆ ಇಷ್ಟ್ ಒಳ್ಳೆ ಮದ್ದ್ ಮತ್ತೊಂದಿಲ್ಲೆ!"

೫. ಹತ್ತು ನಿಮಿಷ

ಕಂಪ್ಯೂಟರ್ ಮೊದಲ ಸಲ ಆನ್ ಆದ ದಿನ ಸೊಸೆ ಬರೆದ ಮೊದಲ ಪ್ರೋಗ್ರಾಂ, ಪರದೆಯ ಮೇಲೆ "ಅತ್ತೆ, ಉಂಡಾಯ್ತಾ?" ಎಂದು ಕೇಳಿತು. ನಾನು ನಕ್ಕೆ. ಆಮೇಲೆ ಒಳಗೆ ಹೋಗಿ ನನ್ನ ಹಳೆಯ ಫೈಲು ತೆಗೆದೆ. ಅದರಲ್ಲೊಂದು ನೇಮಕಾತಿ ಪತ್ರವಿದೆ, ಹೈಸ್ಕೂಲಿನಲ್ಲಿ ಗಣಿತ ಕಲಿಸಲು ನನ್ನನ್ನು ಕರೆದದ್ದು. ಆಗ ಬೇಡ ಎಂದವರು ಯಾರೂ ಇರಲಿಲ್ಲ. ಹೋಗು ಎಂದವರೂ ಇರಲಿಲ್ಲ. ಕೊಯ್ಲಿನ ಸಮಯ, ನಾನು ಹೋಗಲಿಲ್ಲ. ಪತ್ರವನ್ನು ಮಡಚಿ ಮತ್ತೆ ಅಲ್ಲೇ ಇಟ್ಟೆ.

ಪರೀಕ್ಷೆ ಇದ್ದದ್ದು ಮೇ ತಿಂಗಳ ಒಂದು ಮಧ್ಯಾಹ್ನ. ಸೊಸೆ ಕೋಣೆಯಲ್ಲಿ ಕೂತಿದ್ದಳು. ನಾನು ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಚಾವಡಿಯಲ್ಲಿದ್ದೆ. ಒಂದೂ ಮುಕ್ಕಾಲು ಗಂಟೆ ಕಳೆದಿರಬೇಕು, ಮೂಡು ದಿಕ್ಕಿನಲ್ಲಿ ಗುಡುಗಿತು.

ನಮ್ಮ ಕಡೆ ಗುಡುಗಿದರೆ ಮೊದಲ ಕೆಲಸ ಗೋಡೆಯ ಸಾಕೆಟ್ಟಿನಿಂದ ವೈರಿನ ಪಿನ್ ಕೀಳುವುದು. ಅದರಲ್ಲೂ ನಮ್ಮನೆಯವರಿಗೆ ಸಿಡಿಲೆಂದರೆ ಸಣ್ಣಂದಿನಿಂದ ಜೀವ ಹೋಗುವಷ್ಟು ಹೆದರಿಕೆ. ತೋಟದಿಂದ ಓಡಿ ಬಂದವರು ಟಿವಿ, ಫ್ರಿಜ್, ಮಿಕ್ಸಿ ಎಲ್ಲದರ ಪಿನ್ ಕೀಳುತ್ತಾ ಕೋಣೆಯ ಕಡೆ ನುಗ್ಗಿದರು.

"ಹ್ವಾಯ್! ಅಲ್ಲಿಗ್ ಹೋಯ್ಬೇಡಿ!" ಎಂದು ನಾನು ಮಗುವನ್ನು ಎತ್ತಿಕೊಂಡು ಏಳುವುದರೊಳಗೆ ಗೋಡೆಯ ಪಿನ್ ಅವರ ಕೈಯಲ್ಲಿತ್ತು.

ಯುಪಿಎಸ್ "ಕುಂಯ್" ಎಂದಿತು. ಪರದೆ ಆರಲಿಲ್ಲ. ಯುಪಿಎಸ್ ಎಂದರೇನು ಎಂದು ಅವರಿಗೆ ಹೇಳುವುದೊಂದು ನನ್ನ ಲೆಕ್ಕದಿಂದ ತಪ್ಪಿಹೋಗಿತ್ತು. ಅವರು ಕೈಯಲ್ಲಿದ್ದ ಪಿನ್ ನೋಡಿದರು, ಪರದೆ ನೋಡಿದರು, ಮತ್ತೆ ಪಿನ್ ನೋಡಿದರು. ಸೊಸೆ ತಿರುಗದೆಯೇ, "ಮಾವ, ಇನ್ ಹತ್ತ್ ನಿಮಿಷ" ಎಂದಳು. ಪರೀಕ್ಷೆ ಮುಗಿಯಲು ಹತ್ತು ನಿಮಿಷ ಎಂದು ಅವಳ ಅರ್ಥ.

ನಮ್ಮನೆಯವರು ಅಲ್ಲೇ ಕಂಬವಾದರು. ಪಿನ್ನನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದು ಪಿಸುಗುಟ್ಟಿದರು, "ಹತ್ರ ಬರ್ಬೇಡ. ಈಗ ನನ್ ಮೈಯಿಂದ ಓಡ್ತಿತ್ತ್. ಕೈ ಬಿಟ್ರೆ ಆಫ್ ಆತ್ತ್!"

ಬಾಯಿಗೆ ಬಂದ ಉತ್ತರವನ್ನು ನಾನು ನುಂಗಿದೆ. ಮಾತಿಗೆ ಶುರುವಾದರೆ ಅವರು ವಾದಕ್ಕೆ ನಿಲ್ಲುತ್ತಾರೆ, ಸೊಸೆಯ ಹತ್ತು ನಿಮಿಷ ಹೋಗುತ್ತದೆ.

"ಹೇ, ಬೆನ್ನ್ ತುರ್ಸ್ತಿತ್ತ್. ಒಂಚೂರ್ ಕಾಣ್."

ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಿಂದ ಅವರ ಬೆನ್ನು ತುರಿಸಿದೆ. ಆಗಲೇ ಅಂಗಳದ ತೆಂಗಿನಮರಕ್ಕೆ ಸಿಡಿಲು ಹೊಡೆಯಿತು. ಮನೆಯೇ ಬೆಳ್ಳಗಾಯಿತು. ಬಾಗಿಲ ಬೆಲ್ ತನ್ನಷ್ಟಕ್ಕೆ ಒಮ್ಮೆ "ಟಿಂಗ್" ಎಂದು ಸತ್ತಿತು. ಅದಕ್ಕೆ ಕೀಳಲು ಪಿನ್ ಇರಲಿಲ್ಲ. ನಮ್ಮನೆಯವರು ಕಣ್ಣು ಮುಚ್ಚಿದರು. ಪಿನ್ ಬಿಡಲಿಲ್ಲ.

"ಮುಗೀತ್ ಅತ್ತೆ!" ಎಂದು ಸೊಸೆ ಕೂಗಿದ ಮೇಲೆಯೇ ಅವರು ಕೈ ಸಡಿಲಿಸಿ ನೆಲದ ಮೇಲೆ ಕುಸಿದು ಕೂತರು.

ಕೆಲಸ ಸಿಕ್ಕಿತು. ಬ್ರಹ್ಮಾವರಕ್ಕೆ ಫೋನ್ ಮಾಡಿ ಬೀಗಿತ್ತಿಗೆ ಮೊದಲು ಹೇಳಿದವಳು ನಾನೇ. ಅಂದು ಪಿನ್ ಕೀಳದಿದ್ದರೆ ಕಂಪ್ಯೂಟರ್ ಬೆಲ್ಲಿನ ದಾರಿಯನ್ನೇ ಹಿಡಿಯುತ್ತಿತ್ತೇನೋ, ಹಾಗಾಗಿ ಪುಸ್ತಕದಲ್ಲಿ ನ್ಯಾಯವಾಗಿಯೇ ಬರೆದೆ: "ಕಂಪ್ಯೂಟರ್, ಜೀವಂತ. ಕಾರಣ, ನಮ್ಮನೆಯವರು." ಅವರು ಕನ್ನಡಕ ಹಾಕಿ ಎರಡು ಸಲ ಓದಿ, "ಹಾಂಗಾರೆ ಆ ಗ್ರೈಂಡರಿಂದ್ ಹೊಡ್ದ್ ಹಾಕ್" ಎಂದರು. ಆ ಸಾಲನ್ನು ನಾನು ಹೊಡೆದು ಹಾಕಲಿಲ್ಲ. ದಾಖಲೆ ದಾಖಲೆಯೇ.

ಯುಪಿಎಸ್ ವಿಷಯ ಮಾತ್ರ ಇವತ್ತಿಗೂ ಅವರಿಗೆ ಹೇಳಿಲ್ಲ. ಈಗ ಗುಡುಗಿದರೆ ಕರೆಯದೆಯೇ ಬಂದು, ಪಿನ್ ಕಿತ್ತು, ಎದೆಗೆ ಒತ್ತಿ ಹಿಡಿದು ಸೊಸೆಯ ಹಿಂದೆ ನಿಲ್ಲುತ್ತಾರೆ. ಸೊಸೆಗೆ ಮೊದಲ ಸಂಬಳ ಬಂದ ಸಂಜೆ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು:

"ಅಲ್ಲ ಮಾರಾಯ್ತಿ, ಕೆಲ್ಸ ಇಬ್ರೂ ಮಾಡುದ್. ಸಂಬ್ಳ ಮಾತ್ರ ಸೊಸೆ ಒಂದಕ್ಕೇಯಾ?"