ಸರಾಸರಿ ಒಂದು ಗಂಟೆ ತಡ

ಪ್ರಜ್ವಲನಿಗೆ ಬಾಯಿ ಮುಚ್ಚಿಕೊಂಡು ಕೂರಲು ಬರುತ್ತಿದ್ದರೆ ಈ ರಗಳೆಯೇ ಆಗುತ್ತಿರಲಿಲ್ಲ.

ತುಮಕೂರಿನ ಹುಡುಗ. ವಿಜಯವಾಡದ ಒಂದು ಖಾಸಗಿ ಕಾಲೇಜಿನಲ್ಲಿ ಸಮಾಜಶಾಸ್ತ್ರದ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ. ಅಲ್ಲಿನ ಕನ್ನಡ ಸಂಘಕ್ಕೆ ಅವನು ಸೇರಿದ್ದು ಕನ್ನಡದ ಮೇಲಿನ ಪ್ರೀತಿಗಿಂತ ಐಶ್ವರ್ಯಾಳ ಮೇಲಿನ ಪ್ರೀತಿಗೆ. ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದ ಐಶ್ವರ್ಯಾ, ಸಂಘದ ಅಧ್ಯಕ್ಷ ಬಾಲಚಂದ್ರ ಅವರ ಒಬ್ಬಳೇ ಮಗಳು. ಬಾಲಚಂದ್ರ ಮೈಸೂರಿನಿಂದ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರು. ಅವರು ಒಳಗೆ ಕಾಲಿಟ್ಟದ್ದನ್ನು ನೋಡಿ ಗೋಡೆ ಗಡಿಯಾರವೇ ತನ್ನ ಮುಳ್ಳು ಸರಿ ಮಾಡಿಕೊಳ್ಳುತ್ತದೆ ಎಂದು ಬ್ಯಾಂಕಿನವರು ಆಡಿಕೊಳ್ಳುತ್ತಿದ್ದರು.

ರಾಜ್ಯೋತ್ಸವದ ತಯಾರಿ ಸಭೆಯಲ್ಲಿ ಅವರು ಮೇಜು ಗುದ್ದಿದರು. “ನಮ್ಮ ಜನ ಯಾವ ಕಾರ್ಯಕ್ರಮಕ್ಕಾದರೂ ಸರಾಸರಿ ಒಂದು ಗಂಟೆ ತಡವಾಗಿ ಬರ್ತಾರೆ. ಇದು ಸತ್ಯ!”

ಭಾವಿ ಮಾವನ ಕಣ್ಣಿಗೆ ಬೀಳಲು ಇದೇ ಸಮಯ ಎಂದುಕೊಂಡು ಪ್ರಜ್ವಲ್ ಹಿಂದಿನ ಸಾಲಿನಲ್ಲಿ ಎದ್ದು ನಿಂತ. “ಸಾರ್, ಅದು ಸತ್ಯ ಅಲ್ಲ, ಊಹೆ. ಪರೀಕ್ಷೆ ಮಾಡಿ ನೋಡಬೇಕು.”

ಕಣ್ಣಿಗೇನೋ ಬಿದ್ದ, ಧೂಳು ಬಿದ್ದ ಹಾಗೆ.

“ಭೇಷ್ ತಮ್ಮಾ!” ಎಂದು ಕೂಗಿದವರು ಉಪಾಧ್ಯಕ್ಷ ರಮಾಕಾಂತ. ಗದಗದವರು, ಆಟೋನಗರ್‌ನಲ್ಲಿ ಲಾರಿ ಬಿಡಿಭಾಗಗಳ ಅಂಗಡಿ. ಅಧ್ಯಕ್ಷರನ್ನು ಒಮ್ಮೆಯಾದರೂ ಕೆಡವಬೇಕೆಂಬುದು ಅವರ ಬಹುದಿನದ ಆಸೆ. “ಪರೀಕ್ಷಾ ಮಾಡೇ ಬಿಡು. ನಮ್ಮ ಮಂದಿ ಮಾನ ಉಳಿಸು!”

ಪ್ರಜ್ವಲ್ ವಿವರಿಸಿದ. ಎಲ್ಲರನ್ನೂ ಅಳೆಯಬೇಕಿಲ್ಲ, ಚೀಟಿ ಎತ್ತಿ ಮೂವತ್ತು ಜನರನ್ನು ಆರಿಸಿದರೆ ಸಾಕು. ಅವರು ಬರುವ ಹೊತ್ತು ಗುರುತು ಹಾಕಿಕೊಂಡು ಸರಾಸರಿ ತೆಗೆಯುವುದು. ಅದು ಒಂದು ಗಂಟೆಯ ಆಸುಪಾಸಿನಲ್ಲಿದ್ದರೆ ಅಧ್ಯಕ್ಷರ ಊಹೆ ನಿಲ್ಲುತ್ತದೆ, ತೀರಾ ದೂರ ಹೋದರೆ ಬೀಳುತ್ತದೆ.

“ಬೀಳಲಿ, ನೋಡೋಣ,” ಎಂದರು ಬಾಲಚಂದ್ರ, ಸಾಲ ತೀರಿಸದವನನ್ನು ನೋಡುವಂತೆ ನೋಡಿ.

ಸಭೆ ಮುಗಿದದ್ದೇ ಐಶ್ವರ್ಯಾ ಅವನನ್ನು ಮೆಟ್ಟಿಲ ಕೆಳಗೆ ಎಳೆದುಕೊಂಡು ಹೋದಳು. “ನಿಂಗೆ ಬುದ್ಧಿ ಇದೆಯಾ? ರಾಜ್ಯೋತ್ಸವದ ಊಟ ಆದಮೇಲೆ ಅಪ್ಪನ ಹತ್ರ ನಮ್ಮ ವಿಷಯ ತೆಗೀಬೇಕು ಅಂತಿದ್ದೆ. ಅವತ್ತೇ ಅವರನ್ನ ಸೋಲಿಸ್ತೀಯಾ?”

“ಐಶೂ, ಅಂಕಿಅಂಶದಲ್ಲಿ ನಾನು ಕೈ ಹಾಕಲ್ಲ.”

“ನೀನು ಹಾಕಬೇಡ,” ಎಂದು ಅವಳು ಹೊರಟುಹೋದಳು. ‘ನೀನು’ ಎಂಬಲ್ಲಿ ಬಿದ್ದ ಒತ್ತನ್ನು ಪ್ರಜ್ವಲ್ ಗಮನಿಸಲಿಲ್ಲ.

ಭಾನುವಾರ ಹತ್ತು ಗಂಟೆಗೆ ಕಾರ್ಯಕ್ರಮ, ಒಂದು ಶಾಲೆಯ ಸಭಾಂಗಣದಲ್ಲಿ. ಪ್ರಜ್ವಲ್ ಒಂಬತ್ತಕ್ಕೇ ಹೋಗಿ ಗೇಟಿನ ಬಳಿ ಕುರ್ಚಿ ಹಾಕಿಕೊಂಡ. ಕೂರುವಷ್ಟರಲ್ಲಿ ಎರಡು ವ್ಯಾನುಗಳು ಬಂದು ನಿಂತವು. ಒಳಗಿಂದ ರಮಾಕಾಂತರು ಇಳಿದರು. ಅವರ ಹಿಂದೆ, ಚೀಟಿಯಲ್ಲಿ ಹೆಸರು ಬಂದಿದ್ದವರಲ್ಲಿ ಸರಿಯಾಗಿ ಅರ್ಧ ಜನ. ಒಬ್ಬರ ಜೇಬಿನಲ್ಲಿ ಹಲ್ಲುಜ್ಜುವ ಬ್ರಷ್ ಇತ್ತು. ಇನ್ನೊಬ್ಬರ ಮುಖದಲ್ಲಿ ಒಂದು ಕೆನ್ನೆಗೆ ಮಾತ್ರ ಕ್ಷೌರವಾಗಿತ್ತು.

“ಒಂದ್ ತಾಸು ಮೊದಲ ಬಂದೀವಿ ನೋಡಪಾ. ಎಲ್ಲಾರಿಗೂ ಮೈನಸ್ ಅರವತ್ತು ನಿಮಿಷ ಹಚ್ಚು!”

“ಸಾರ್, ಹೀಗೆಲ್ಲ ಎಬ್ಬಿಸಿ ಕರ್ಕೊಂಡು ಬರೋ ಹಾಗಿಲ್ಲ. ಅವರಾಗಿ ಬರಬೇಕು.”

“ಅವರ ಕಾಲ್ಲೇ ಇಳದಾರಲ್ಲ, ಮತ್ತೇನು?”

ಹೀಗೇ ಆದರೆ ಅಧ್ಯಕ್ಷರ ಊಹೆ ಮಕಾಡೆ ಮಲಗುವುದು ಖಂಡಿತ. ಪ್ರಜ್ವಲ್ ಐಶ್ವರ್ಯಾಳಿಗೆ ಫೋನ್ ಮಾಡಿದ. “ನಂಗೊತ್ತು. ನೀನು ಸುಮ್ನೆ ಕೂತ್ಕೋ,” ಎಂದಳು.

ಅಷ್ಟರಲ್ಲಿ ಮಂಗಳೂರು ಕಡೆಯ ಸುಲೋಚನಾ ಬಂದು ಎದುರು ನಿಂತರು. ಸಂಘ ಶುರುವಾದಂದಿನಿಂದ ಸದಸ್ಯೆ. ಸಂಘದಲ್ಲಿ ಅವರಿಲ್ಲದೆ ಒಂದು ಪಾಯಸಕ್ಕೂ ಸಕ್ಕರೆ ಬಿದ್ದದ್ದಿಲ್ಲ.

“ನನ್ನ ಹೆಸರು ಯಾಕೆ ಬರಲಿಲ್ಲ ಮಾರಾಯ್ರೆ? ನಾನು ಲೆಕ್ಕಕ್ಕೇ ಇಲ್ವಾ?”

“ಹಾಗಲ್ಲ ಆಂಟಿ. ಇದು ಯಾದೃಚ್ಛಿಕ...”

“ಬೈಗುಳ ಎಲ್ಲ ಬೇಡ! ಮರ್ಯಾದೆಯಲ್ಲಿ ನನ್ನ ಹೊತ್ತು ಬರ್ಕೊಳ್ಳಿ.” ಅವನು ಬೇರೆ ಹಾಳೆಯಲ್ಲಾದರೂ ಬರೆದುಕೊಳ್ಳುವವರೆಗೆ ಅವರು ಗೇಟಿನಿಂದ ಹೊರಗೆ ಹೋಗಿ ಒಳಗೆ ಬರುವುದನ್ನು ನಾಲ್ಕೈದು ಸಲ ಮಾಡಿ ತೋರಿಸಿದರು.

ಹತ್ತಾಯಿತು. ಚೀಟಿಯ ಉಳಿದರ್ಧ ಜನರ ಸುಳಿವಿಲ್ಲ. ಹನ್ನೊಂದಕ್ಕೆ ಸಂಘದ ಉಳಿದ ಸದಸ್ಯರು ಎಂದಿನಂತೆ ನಗುನಗುತ್ತ, ಹೆಂಡತಿ ಮಕ್ಕಳ ಸಮೇತ ಬಂದರು. ಚೀಟಿಯಲ್ಲಿ ಹೆಸರಿಲ್ಲದ ಅವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹನ್ನೆರಡೂ ಮುಕ್ಕಾಲರ ಹೊತ್ತಿಗೆ ಗಂಟಲು ಒಣಗಿ, ಪ್ರಜ್ವಲ್ ರಸ್ತೆ ದಾಟಿ ಎದುರಿನ ಕೋಟೇಶ್ವರಮ್ಮನ ಟೀ ಅಂಗಡಿಗೆ ಹೋದ. ಅಂಗಡಿ ತುಂಬ ಜರಿಪಂಚೆ, ರೇಷ್ಮೆ ಸೀರೆ. ಚೀಟಿಯ ಉಳಿದರ್ಧ ಜನ ಅಷ್ಟೂ ಅಲ್ಲೇ ಕೂತು ಬಜ್ಜಿ ತಿನ್ನುತ್ತಿದ್ದರು! ಕೊಂಡಪಲ್ಲಿಯ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿರುವ ತಿರುಮಲೇಶ್ ಅವನನ್ನು ಕಂಡೊಡನೆ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಪೇಪರು ತೆಲುಗಿನದು, ಅದೂ ತಲೆಕೆಳಗು.

“ಸಾರ್, ಇಲ್ಲೇ ಇದೀರಲ್ಲ! ಒಳಗೆ ಬನ್ನಿ.”

“ನಾನಿನ್ನೂ ಬಂದಿಲ್ಲ ಕಣಪ್ಪ,” ಎಂದರು ತಿರುಮಲೇಶ್ ಪೇಪರಿನ ಹಿಂದಿನಿಂದ. “ಒಂದು ಗಂಟೆಗೆ ಊಟಕ್ಕೇ ಬನ್ನಿ ಅಂತ ಐಶ್ವರ್ಯಾ ಹೇಳಿದಾಳೆ. ಅವಳು ನನ್ನ ಮಂಡಿ ನೋವು ವಾಸಿ ಮಾಡಿದ ಹುಡುಗಿ. ಅಷ್ಟೂ ಮಾಡದಿದ್ರೆ ಹೇಗೆ?”

ಸುತ್ತ ನೋಡಿದರೆ ಒಬ್ಬರದು ಸೊಂಟ, ಒಬ್ಬರದು ಹಿಮ್ಮಡಿ, ಒಬ್ಬರದು ಕುತ್ತಿಗೆ. ಎಲ್ಲರೂ ಐಶ್ವರ್ಯಾಳ ಕೈಯಲ್ಲಿ ಪಳಗಿದವರೇ.

ಪ್ರಜ್ವಲನನ್ನು ಹಿಂಬಾಲಿಸಿ ಬಂದಿದ್ದ ರಮಾಕಾಂತರಿಗೆ ವಿಷಯ ಗೊತ್ತಾಗಿಬಿಟ್ಟಿತು. “ಮೋಸ! ಮೋಸ!” ಎನ್ನುತ್ತ ತಿರುಮಲೇಶರ ರಟ್ಟೆ ಹಿಡಿದು ರಸ್ತೆ ದಾಟಿಸಿ ಗೇಟಿನವರೆಗೂ ಎಳೆದುತಂದರು. ತಿರುಮಲೇಶ್ ಗೇಟಿನ ಸರಳನ್ನು ತಬ್ಬಿಕೊಂಡರು. ಟೀ ಅಂಗಡಿಯಲ್ಲಿದ್ದವರೆಲ್ಲ ಓಡಿಬಂದು ಅವರ ಸೊಂಟ ಹಿಡಿದು ಹೊರಕ್ಕೆ ಎಳೆದರು. ವ್ಯಾನಿನವರೆಲ್ಲ ಕೈ ಹಿಡಿದು ಒಳಕ್ಕೆ ಎಳೆದರು. ಏನು ಎತ್ತ ತಿಳಿಯದೆ ಸುಲೋಚನಾ ಎರಡೂ ಕಡೆಗೆ ಒಂದೊಂದು ಸಲ ಎಳೆದುಕೊಟ್ಟರು. ಒಂದು ಚಪ್ಪಲಿ ಒಳಗೆ ಹಾರಿಬಿತ್ತು.

“ಬಂದ್ರು, ಬಂದ್ರು! ಗಂಟೆ ಹಚ್ಕೋ!” ಎಂದು ರಮಾಕಾಂತ ಕೂಗಿದರು.

“ಚಪ್ಪಲಿ ಬಂದಿದೆ ಅಷ್ಟೇ! ಮನುಷ್ಯ ಬಂದಿಲ್ಲ!” ಎಂದು ಹೊರಗಿನವರು ಕೂಗಿದರು.

“ಅಯ್ಯೋ ನನ್ನ ಮಂಡಿ!” ಎಂದು ತಿರುಮಲೇಶ್ ಕೂಗಿದರು.

ಆ ಹೊತ್ತಿಗೆ ಅಡುಗೆಯವರು ಹೋಳಿಗೆಯ ಬುಟ್ಟಿ ತೆರೆದರು. ತುಪ್ಪದ ಘಮ ಗೇಟಿಗೆ ತಲುಪಿದ್ದೇ ತಡ, ತಿರುಮಲೇಶರೂ ಸೇರಿ ಹೊರಗಿನವರೆಲ್ಲ ಹಿಡಿದ ಕೈ ಬಿಟ್ಟು ಒಳನುಗ್ಗಿದರು. ಗಂಟೆ ಸರಿಯಾಗಿ ಒಂದು.

ಪ್ರಜ್ವಲ್ ಲೆಕ್ಕ ಹಾಕಿದ. ಅರ್ಧ ಜನ ಒಂದು ಗಂಟೆ ಮೊದಲೇ ಬಂದಿದ್ದಾರೆ, ಅರ್ಧ ಜನ ಮೂರು ಗಂಟೆ ತಡ. ಕೂಡಿ ಭಾಗಿಸಿದ. ಮತ್ತೊಮ್ಮೆ ಭಾಗಿಸಿದ. ಎಷ್ಟು ಸಲ ಭಾಗಿಸಿದರೂ ಬಂದದ್ದು ಒಂದೇ: ಸರಾಸರಿ ಒಂದು ಗಂಟೆ ತಡ. ಚೀಟಿಯವರಲ್ಲಿ ಒಬ್ಬನೇ ಒಬ್ಬ ಹನ್ನೊಂದಕ್ಕೆ ಬಂದಿರಲಿಲ್ಲ, ಆ ಮಾತು ಬೇರೆ.

ವೇದಿಕೆಯ ಮೇಲೆ ಫಲಿತಾಂಶ ಓದಿದಾಗ ಬಾಲಚಂದ್ರರ ಮುಖ ಆಗತಾನೇ ತಟ್ಟೆಗಿಳಿದ ಹೋಳಿಗೆಯಂತೆ ಹೊಳೆಯಿತು. “ನೋಡಿದ್ರಾ? ವಿಜ್ಞಾನವೇ ಹೇಳ್ತಿದೆ. ನನ್ನ ಮಾತು ಸತ್ಯ ಅಂತ ಸಾಬೀತಾಯ್ತು!” ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಐಶ್ವರ್ಯಾ ಎರಡೂ ಹೆಬ್ಬೆರಳು ಎತ್ತಿ ತೋರಿಸಿದಳು. ಅಧ್ಯಕ್ಷರು ಪ್ರಜ್ವಲನ ಹೆಗಲ ಮೇಲೆ ಕೈಯನ್ನೂ ಹಾಕಿದರು. ಅವನೀಗ ಮಾಡಬೇಕಾಗಿದ್ದದ್ದು ಒಂದೇ ಕೆಲಸ, ಮೈಕಿನಿಂದ ದೂರ ಸರಿಯುವುದು.

“ಒಂದು ಸಣ್ಣ ತಿದ್ದುಪಡಿ ಸಾರ್,” ಎಂದ ಪ್ರಜ್ವಲ್ ಮೈಕಿನಲ್ಲೇ. “ಸಾಬೀತಾಗಿಲ್ಲ. ನಿಮ್ಮ ಊಹೆಯನ್ನು ತಿರಸ್ಕರಿಸೋಕೆ ಆಗಲಿಲ್ಲ, ಅಷ್ಟೇ. ತಿರಸ್ಕರಿಸಲಿಲ್ಲ ಅಂದರೆ ಒಪ್ಪಿಕೊಂಡೆವು ಅಂತ ಅರ್ಥ ಅಲ್ಲ.”

ಹೆಗಲ ಮೇಲಿದ್ದ ಕೈ ಮೆಲ್ಲಗೆ ಇಳಿಯಿತು. ಮುಂದಿನ ಸಾಲಿನ ಹೆಬ್ಬೆರಳುಗಳೂ ಇಳಿದವು. ರಮಾಕಾಂತರು ಮಾತ್ರ ಎದ್ದುನಿಂತು ಶಿಳ್ಳೆ ಹೊಡೆದರು.

ಊಟಕ್ಕೆ ಬಾಲಚಂದ್ರ ಅವನನ್ನು ಕರೆದು ಪಕ್ಕದಲ್ಲೇ ಕೂರಿಸಿಕೊಂಡರು. ಐಶ್ವರ್ಯಾ ಎದುರಿನ ಸಾಲಿನಲ್ಲಿ ಎಲೆ ನೋಡುತ್ತ ಕೂತಿದ್ದಳು.

“ನಿಮ್ಮಿಬ್ಬರ ವಿಷಯ ನನಗೆ ಗೊತ್ತಪ್ಪ,” ಎಂದರು ಬಾಲಚಂದ್ರ, ಅನ್ನ ಕಲಸುತ್ತ. “ಊಟದ ತನಕ ಕಾಯೋಕಾಗದೆ ಬೆಳಗ್ಗೆಯೇ ಮಗಳು ಹೇಳಿದಳು. ಈಗ ‘ಪ್ರಜ್ವಲ್ ನನ್ನ ಮಗಳಿಗೆ ತಕ್ಕ ಹುಡುಗ’ ಅಂತ ಇಟ್ಕೊಳ್ಳೋಣ. ಇದು ಒಂದು ಊಹೆ, ಅಲ್ವೇ?”

“ಹೌದು... ಸಾರ್.”

“ತುಂಬ ಯೋಚನೆ ಮಾಡಿದೆ. ಈ ಊಹೆಯನ್ನ ನಾನು ತಿರಸ್ಕರಿಸೋದಿಲ್ಲ.”

ಪ್ರಜ್ವಲನ ಕಿವಿಯಲ್ಲಿ ನಾದಸ್ವರ ಮೊಳಗಿತು. ಎಂಜಲು ಕೈಯಲ್ಲೇ ಬಗ್ಗಿ ಅವರ ಕಾಲು ಮುಟ್ಟಲು ಹೋದ.

“ಏಳು, ಏಳು. ತಿರಸ್ಕರಿಸಲಿಲ್ಲ ಅಂದರೆ ಒಪ್ಪಿಕೊಂಡೆ ಅಂತ ಅರ್ಥ ಅಲ್ಲ. ನೀನೇ ಮೈಕಿನಲ್ಲಿ ಹೇಳಿದ್ದು.”

ಪ್ರಜ್ವಲ್ ಅರ್ಧ ಬಗ್ಗಿದವನು ಬಗ್ಗಿದಲ್ಲೇ ನಿಂತ. “ಹಾಗಾದರೆ... ಏನು ಮಾಡೋದು ಸಾರ್?”

“ಒಬ್ಬನನ್ನೇ ನೋಡಿ ತೀರ್ಮಾನ ಮಾಡೋಕಾಗುತ್ತಾ? ಸ್ಯಾಂಪಲ್ ಹೆಚ್ಚಿಸಬೇಕು,” ಎಂದರು ಬಾಲಚಂದ್ರ. ಬಡಿಸುವವನಿಗೆ ಅವನ ಎಲೆ ತೋರಿಸಿ ಇನ್ನೊಂದು ಹೋಳಿಗೆ ಹಾಕಿಸಿದರು. “ಬರೋ ಭಾನುವಾರ ಬೆಂಗಳೂರಿನಿಂದ ಒಬ್ಬ ಹುಡುಗ ಐಶ್ವರ್ಯಾನ ನೋಡೋಕೆ ಬರ್ತಿದ್ದಾನೆ. ಮಧ್ಯಾಹ್ನದ ಫ್ಲೈಟು. ನಿನ್ನ ಹತ್ತಿರ ಕಾರಿದೆಯಲ್ಲ, ಗನ್ನವರಂ ಏರ್‌ಪೋರ್ಟಿಗೆ ಹೋಗಿ ಅವನನ್ನ ಮನೆಗೆ ಕರ್ಕೊಂಡು ಬಂದುಬಿಡಪ್ಪ.”