ನನ್ನ ಬೇಸ್‌ಬಾಲಿಗೆ ನಮ್ಮವರೇ ಅಡ್ಡಗಾಲು

ಬೇಸ್‌ಬಾಲಿನಲ್ಲಿ ನನ್ನನ್ನು ಎದುರಾಳಿಗಳು ಔಟ್ ಮಾಡಿದ್ದಕ್ಕಿಂತ ನಮ್ಮವರು ಔಟ್ ಮಾಡಿದ್ದೇ ಹೆಚ್ಚು. ಅದೂ ಪ್ರೀತಿಯಿಂದ. ದ್ವೇಷದಿಂದ ಮಾಡಿದ್ದರೆ ತಿರುಗಿಸಿ ಬೈಯಬಹುದಿತ್ತು.

ಎಂಟನೇ ವಯಸ್ಸಿಗೆ ಮಂಡ್ಯದಿಂದ ಅಪ್ಪ ಅಮ್ಮನ ಜೊತೆ ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಬಂದವನು ನಾನು. ಹತ್ತು ವರ್ಷ, ಬೇಸುಗಳ ನಡುವೆ ನಿಂತು ಚೆಂಡು ತಡೆಯುವ ಇನ್‌ಫೀಲ್ಡರ್ ಆಗಿ ಸಣ್ಣ ಲೀಗುಗಳಲ್ಲಿ ಆಡಿದೆ, ಆಮೇಲೆ ತಂಡವನ್ನು ಆಡಿಸುವ ಮ್ಯಾನೇಜರ್ ಆದೆ, ಈಗ ಸ್ಕೌಟು. ಹೈಸ್ಕೂಲು ಮೈದಾನಗಳ ಬೇಲಿ ಪಕ್ಕ ಮಡಚೋ ಕುರ್ಚಿ ಹಾಕಿ ಕೂತು, ಯಾವ ಹುಡುಗ ಮುಂದೆ ದೊಡ್ಡ ಆಟಗಾರ ಆಗುತ್ತಾನೆ ಅಂತ ಕ್ಲಬ್ಬಿಗೆ ಬರೆದು ಕಳಿಸುವ ಕೆಲಸ. ಈ ವರ್ಷ ಕ್ಲಬ್ಬಿನವರು ಖಡಾಖಂಡಿತವಾಗಿ ಹೇಳಿಬಿಟ್ಟರು: ನೀನು ತೋರಿಸಿದ ಹುಡುಗ ಈ ಸಲವೂ ನಮಗೆ ಒಪ್ಪಿಗೆ ಆಗದಿದ್ದರೆ ನೀನು ಮನೆಗೆ. ಈ ಆಟ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ಅಂಥ ಹೊತ್ತಲ್ಲೂ ನಮ್ಮವರು ಸುಮ್ಮನಿರಲಿಲ್ಲ.

ಎಲ್ಲರೂ ನನ್ನನ್ನು ಸಿಡುಕ ಅನ್ನುತ್ತಾರೆ. ಓದಿ, ಆಮೇಲೆ ನೀವೇ ಹೇಳಿ.

೧. ಬ್ಯಾಟಿಗೆ ಪೂಜೆ

ಮೊದಲ ವರ್ಷ, ಮೊದಲ ಪಂದ್ಯ. ಹೊಸ ಬ್ಯಾಟು ಹಿಂದಿನ ದಿನ ತಾನೇ ಮನೆಗೆ ಬಂದಿತ್ತು. ಯುಗಾದಿ ಬೇರೆ. ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಅಮ್ಮ ಬ್ಯಾಟನ್ನು ದೇವರ ಮುಂದೆ ಮಲಗಿಸಿ, ಅರಿಶಿನ ಬಳಿದು, ಉದುರದೇ ಇರಲಿ ಅಂತ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ತುದಿಯಿಂದ ನಡುವಿನವರೆಗೆ ಹಚ್ಚಿಯಾಗಿತ್ತು. ಕಿರುಚಾಡಿದೆ. ಹೊಸ ಸ್ಕೂಟರ್ ತಂದರೆ ಪೂಜೆ ಮಾಡಲ್ವಾ, ಅದರಲ್ಲೇನು ತಪ್ಪು ಅಂತ ಅಮ್ಮ. ಉಜ್ಜಿ ಉಜ್ಜಿ ಒರೆಸಿದೆ. ಮರ ಎಣ್ಣೆ ಕುಡಿದುಬಿಟ್ಟಿತ್ತು.

ಪಂದ್ಯದಲ್ಲಿ ಮೊದಲ ಹೊಡೆತಕ್ಕೇ ಚೆಂಡು ಬೇಲಿ ಮುಟ್ಟಿತು. ಓಡಿಹೋಗಿ ಎರಡನೇ ಬೇಸಿನ ಮೇಲೆ ನಿಂತು ನಾನು ಹೆಲ್ಮೆಟ್ ಸರಿಮಾಡಿಕೊಳ್ಳುತ್ತಿದ್ದರೆ, ಎದುರಾಳಿ ಕ್ಯಾಚರ್ ಆ ಚೆಂಡನ್ನು ಅಂಪೈರಿಗೆ ತೋರಿಸುತ್ತಿದ್ದ. ಚೆಂಡಿನ ಹಣೆಗೆ ಅಚ್ಚುಕಟ್ಟಾಗಿ ಕೆಂಪು ಬೊಟ್ಟು. ಬ್ಯಾಟಿನ ಹೊಡೆಯುವ ಭಾಗಕ್ಕೆ ಏನಾದರೂ ಸವರುವುದು ನಿಯಮಕ್ಕೆ ವಿರುದ್ಧ. ಅಂಪೈರು ಬ್ಯಾಟನ್ನು ಮೂಸಿ ನೋಡಿ, ಏನಿದು ಅಂತ ಕೇಳಿದ. ನಮ್ಮಮ್ಮ ಹಚ್ಚಿದ್ದು ಅಂದೆ. ಬ್ಯಾಟೂ ಹೋಯಿತು, ನಾನೂ ಮೈದಾನದ ಹೊರಗೆ.

ಅವಮಾನದಿಂದ ಕುದಿಯುತ್ತಾ ಅಮ್ಮನಿಗೆ ಫೋನು ಮಾಡಿ ಎಲ್ಲಾ ಹೇಳಿದೆ. ಆಕೆ ಸಮಾಧಾನವಾಗಿ ಕೇಳಿಸಿಕೊಂಡು, "ಚೆಂಡಿಗೂ ಕುಂಕುಮ ಆಯ್ತಲ್ಲ, ಒಳ್ಳೇದೇ ಆಯ್ತು ಬಿಡು" ಅಂದಳು.

೨. ಅಂಪೈರಿಗೆ ಊಟ

ಮ್ಯಾನೇಜರನ ಕೆಲಸದಲ್ಲಿ ಜಗಳವೂ ಸೇರಿದೆ. ಅಂಪೈರು ತಪ್ಪು ತೀರ್ಪು ಕೊಟ್ಟರೆ ಓಡಿಹೋಗಿ ಅವನ ಮುಖಕ್ಕೆ ಮುಖ ಕೊಟ್ಟು ಕೂಗಾಡಬೇಕು, ಇಲ್ಲದಿದ್ದರೆ ಹುಡುಗರು ನಮ್ಮನ್ನು ಗಂಡಸು ಅನ್ನುವುದಿಲ್ಲ. ಒಂದು ಭಾನುವಾರ ನಮ್ಮವನು ನೆಲದ ಮೇಲೆ ಜಾರಿ ಬೇಸು ಮುಟ್ಟಿ, ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡ ಮೇಲೆ ಔಟ್ ಕೊಟ್ಟರು. ನಾನು ಹೋಗಿ ಕೂಗಾಡಿ, ಟೋಪಿ ಎಸೆದು, ಅಂಪೈರಿನ ಬೂಟಿನ ಮೇಲೆ ಮಣ್ಣು ಒದ್ದೆ. ಅವನು ನನ್ನನ್ನು ಹೊರಗೆ ಹಾಕಿದ. ಎಲ್ಲಾ ಪದ್ಧತಿ ಪ್ರಕಾರವೇ ನಡೆದಿತ್ತು.

ನನಗೆ ಗೊತ್ತಿಲ್ಲದ್ದು ಏನೆಂದರೆ, ಆ ದಿನ ಪ್ರೇಕ್ಷಕರಲ್ಲಿ ನಮ್ಮಪ್ಪ ಇದ್ದರು. ಪಂದ್ಯ ಮುಗಿದ ಮೇಲೆ ಪಾರ್ಕಿಂಗಿನಲ್ಲಿ ಅಂಪೈರನ್ನು ಹುಡುಕಿ ಹಿಡಿದು, ಕೈಮುಗಿದು, ಇವನು ಚಿಕ್ಕಂದಿನಿಂದ ಹೀಗೇ, ನಾವೇ ಸರಿಯಾಗಿ ಬೆಳೆಸಲಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂದಿದ್ದಾರೆ. ಆಗ ನನಗೆ ಮೂವತ್ತಾರು ವರ್ಷ. ಅಷ್ಟಕ್ಕೇ ಬಿಡದೆ ಮುಂದಿನ ಶನಿವಾರ ಊಟಕ್ಕೂ ಕರೆದಿದ್ದಾರೆ.

ಶನಿವಾರ ಮನೆಗೆ ಹೋದರೆ ನನ್ನ ಕುರ್ಚಿಯಲ್ಲಿ ಅಂಪೈರು, ಮುಂದೆ ಬಿಸಿಬೇಳೆಬಾತು. ಅಪ್ಪ ನನ್ನ ಕೈಗೆ ಸೌಟು ಕೊಟ್ಟು ಬಡಿಸು ಅಂದರು. ಹಲ್ಲು ಕಚ್ಚಿಕೊಂಡು ಬಡಿಸಿದೆ. ಊಟಕ್ಕೆ ಕೂತವರ ಹತ್ತಿರ ಜಗಳ ತೆಗೀಬಾರದು ಅಂತ ಮೊದಲೇ ತಾಕೀತಾಗಿತ್ತು. ಅರ್ಧ ಊಟ ಆದಾಗ ಅಂಪೈರು ತಾನಾಗೇ, ನಿಜ ಹೇಳಬೇಕೆಂದರೆ ಅವತ್ತು ನಿಮ್ಮ ತಂಡದ ಹುಡುಗ ಔಟ್ ಆಗಿರಲಿಲ್ಲ, ನಾನೇ ತಪ್ಪು ಮಾಡಿದೆ ಅಂದ.

ನಾನು ಅಪ್ಪನ ಮುಖ ನೋಡಿದೆ. ಅಪ್ಪ ನನ್ನ ಕಡೆ ತಿರುಗಿ, "ನೋಡು, ಎಷ್ಟು ಪ್ರಾಮಾಣಿಕ ಮನುಷ್ಯ. ಇನ್ನೊಂದು ಸೌಟು ಹಾಕು" ಅಂದರು.

೩. ಏನು ಕೆಲಸ?

ಸರಟೋಗಾದಲ್ಲಿ ಒಬ್ಬರ ಮನೆ ಸತ್ಯನಾರಾಯಣ ಪೂಜೆ. ಸಜ್ಜಿಗೆ ಪ್ರಸಾದ ಕೈಯಲ್ಲಿ ಹಿಡಿದುಕೊಂಡೇ ಒಬ್ಬ ಹಿರಿಯರು, ಯಾವ ಕಂಪನಿ ಅಂತ ಕೇಳಿದರು. ಸ್ಕೌಟು ಕೆಲಸ ಅಂದರೇನು ಅಂತ ಹತ್ತು ನಿಮಿಷ ವಿವರಿಸಿದೆ. ಚೆಂಡಿನ ವೇಗ ಅಳೆಯುವುದು, ಪಾದದ ಚಲನೆ ನೋಡುವುದು, ಹುಡುಗನ ಅಪ್ಪನ ಎತ್ತರ ನೋಡಿ ಅವನೆಷ್ಟು ಬೆಳೆಯುತ್ತಾನೆ ಅಂತ ಲೆಕ್ಕ ಹಾಕುವುದು, ಎಲ್ಲಾ. ಅವರು ತಲೆಯಾಡಿಸಿ, ಸರಿ, ಅಂದರೆ ಮಕ್ಕಳು ಆಡೋದನ್ನ ನೋಡ್ತಾ ಕೂತಿರ್ತೀರಿ ಅಂದರು. ಬಿ.ಪಿ. ಏರಿತು. ಅಷ್ಟರಲ್ಲಿ ಅವರ ಸೊಸೆ ಬಂದು, ಶುಕ್ರವಾರ ಡೇಕೇರ್ ರಜೆ, ಹೇಗೂ ಮೈದಾನದಲ್ಲೇ ಇರ್ತೀರಲ್ಲ, ನಮ್ಮ ಪಾಪುವನ್ನೂ ಬಿಟ್ಟು ಹೋಗ್ಲಾ ಅಂತ ಕೇಳಿದಳು.

೪. ಮಗನನ್ನು ಹೊಗಳದ ತಾಯಿ

ಇನ್ನು ಈ ವರ್ಷದ ಕಥೆ. ಮೌಂಟನ್ ವ್ಯೂನ ಒಂದು ಅಪಾರ್ಟ್‌ಮೆಂಟಿನಲ್ಲಿ ಹಾಸನದ ಕಡೆಯ ಕುಟುಂಬ. ಹದಿನೆಂಟರ ಮಗ ಎರಡನೇ, ಮೂರನೇ ಬೇಸುಗಳ ನಡುವಿನ ಶಾರ್ಟ್‌ಸ್ಟಾಪ್ ಜಾಗದಲ್ಲಿ ಆಡುತ್ತಾನೆ, ನಾನು ಆಡುತ್ತಿದ್ದ ಜಾಗ. ನೆಲಕ್ಕೆ ಬಡಿದು ಎತ್ತ ಹಾರುತ್ತದೋ ಹೇಳಲಾಗದ ಚೆಂಡು ಅವನ ಕೈಗೆ ತಾನಾಗಿ ಬಂದು ಕೂರುತ್ತದೆ. ಅಂಥ ಕೈ ನನಗೂ ಇರಲಿಲ್ಲ. ಎರಡು ವರ್ಷ ಅವನ ಹಿಂದೆ ಬಿದ್ದು ಬರೆದೆ. ಕೊನೆಗೆ ನನ್ನ ಬಾಸು ಮನೆಯವರನ್ನು ಮಾತಾಡಿಸಲು ಖುದ್ದು ಬಂದ. ನೂರಿಪ್ಪತ್ತು ಕಿಲೋ ಮನುಷ್ಯ, ಮಂಡಿ ಎರಡೂ ಹೋಗಿವೆ. ಫ್ರೀವೇಯಲ್ಲಿ ಬರುವಾಗಲೇ ಹೇಳಿದ, ಇದು ನಿನ್ನ ಕೊನೇ ಹುಡುಗ ಆಗದಿರಲಿ ಅಂತ.

ಕಾಫಿ, ನಿಪ್ಪಟ್ಟು ಆಯಿತು. ಬಾಸು ನೋಟ್‌ಬುಕ್ಕು ತೆಗೆದು, ಮಗ ಹೇಗೆ ಅಂತ ತಾಯಿಯನ್ನು ಕೇಳಿದ.

"ಯೂಸ್‌ಲೆಸ್ ಫೆಲೋ ಸಾರ್. ಆಲ್ವೇಸ್ ಸ್ಲೀಪಿಂಗ್" ಅಂದರು ಆಕೆ.

ನಾನು ನಕ್ಕೆ. ಬಾಸು ನಗಲಿಲ್ಲ, ಬರೆದುಕೊಂಡ. ಅಭ್ಯಾಸ ಮಾಡುತ್ತಾನಾ? ಎಲ್ಲಿ ಸಾರ್, ಬರೀ ಫೋನು. ಏನಾದರೂ ಗಾಯ, ನೋವು? ಆಕೆ ಒಮ್ಮೆ ದೇವರ ಫೋಟೋ ನೋಡಿ, "ನೀ ಪೇನ್ ಸಾರ್. ಫುಲ್ ನೀ ಪೇನ್" ಅಂದರು. ಆ ಹುಡುಗನಿಗೆ ಹುಟ್ಟಿದಾಗಿನಿಂದ ಮಂಡಿ ನೋವು ಬಂದಿದ್ದಿಲ್ಲ. ಅವನು "ಮಾಮ್, ಸ್ಟಾಪ್" ಅಂದ. ಬಾಸು ಮಂಡಿ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದ. ನನ್ನ ಮೂವತ್ತು ವರ್ಷದ ಬೇಸ್‌ಬಾಲ್ ಬದುಕಿಗೇ ಎಳೆದ ಹಾಗಾಯಿತು.

"ಯಾಕಮ್ಮಾ ಹೀಗೆ ಸುಳ್ಳು ಹೇಳ್ತಿದ್ದೀರಿ?" ಅಂತ ಕನ್ನಡದಲ್ಲಿ ಕೇಳಿದೆ.

"ಹೊರಗಿನವರ ಮುಂದೆ ಮಗನ್ನ ಹೊಗಳಿದ್ರೆ ದೃಷ್ಟಿ ಆಗುತ್ತೆ ಸಾರ್. ನೀವೂ ಹೊಗಳ್ಬೇಡಿ."

ನನ್ನ ಪಿತ್ತ ನೆತ್ತಿಗೇರಿತು. ಎದ್ದು ನಿಂತು ಕನ್ನಡದಲ್ಲೂ ಇಂಗ್ಲಿಷಲ್ಲೂ ಕೂಗಾಡಿ ಹೊಗಳಿದೆ. ಇವನ ಕೈ, ಇವನ ಕಾಲು, ಇವನ ಕಣ್ಣು, ಇಂಥವನು ಇಡೀ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಬ್ಬನಿಲ್ಲ. ಹೊಗಳಿದಷ್ಟೂ ಆ ತಾಯಿಯ ಮುಖ ಬಿಳಿಚಿಕೊಂಡಿತು. ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಆಕೆ ಅಡುಗೆಮನೆಗೆ ಹೋಗಿ ಉಪ್ಪು, ಒಣಮೆಣಸಿನಕಾಯಿ ತಂದು, ಮಗನನ್ನು ನೆಲದ ಮೇಲೆ ಪೂರ್ವಕ್ಕೆ ಮುಖ ಮಾಡಿ ಚಕ್ಕಂಬಕ್ಕಳ ಕೂರಿಸಿದರು.

ಬಾಸು ಇದೇನು ಅಂತ ಕೇಳಿದ. ಹೊಗಳಿದ್ದಕ್ಕೆ ಕೆಟ್ಟ ಕಣ್ಣು ತಗುಲಿದೆ, ತೆಗೆಯುತ್ತಿದ್ದಾರೆ ಅಂದೆ. ಬೇಸ್‌ಬಾಲಿನವರಷ್ಟು ಶಕುನ ನಂಬುವವರು ನಮ್ಮ ಮಂಡ್ಯದಲ್ಲೂ ಸಿಗಲಾರರು. ತಂಡ ಗೆಲ್ಲುತ್ತಿರುವಷ್ಟು ದಿನ ಕಾಲುಚೀಲ ಒಗೆಯದ ಜಾತಿ. ನಮ್ಮ ಕ್ಲಬ್ಬು ಆಗ ಸತತವಾಗಿ ಸೋಲುತ್ತಿತ್ತು. ಬಾಸು ಒಂದು ಕ್ಷಣ ಯೋಚಿಸಿ, ಸೋಫಾದಿಂದ ಮೆಲ್ಲಗೆ ಜಾರಿ, ಹುಡುಗನ ಪಕ್ಕ ನೆಲದ ಮೇಲೆ ಕೂತು, ನನಗೂ ತೆಗೆಯಿರಿ ಅಂದ.

ಆಕೆ ಇಬ್ಬರಿಗೂ ನಿವಾಳಿಸಿ, ಮೂರು ಸಲ ಉಗಿಯಿರಿ ಅಂದರು. ಹುಡುಗ ನಾಚಿಕೊಂಡು ಥೂ ಅಂದಹಾಗೆ ಮಾಡಿದ. ಮೂವತ್ತು ವರ್ಷದಿಂದ ಮೈದಾನದಲ್ಲಿ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದು ಪಳಗಿದ ಬಾಸು, ಮೂರಕ್ಕೆ ಮೂರೂ ಗುರಿಯಿಟ್ಟು ಮೆಣಸಿನಕಾಯಿಗೇ ಉಗಿದ. ಆಕೆಗೆ ಅವನ ಮೇಲೆ ಗೌರವ ಬಂದದ್ದು ಕಾಣಿಸಿತು.

ಮೆಣಸಿನಕಾಯಿ ಒಲೆಗೆ ಬಿತ್ತು. ಘಾಟಿಗೆ ಎಲ್ಲರಿಗೂ ಕೆಮ್ಮು, ಸ್ಮೋಕ್ ಅಲಾರಂ ಬಾಯಿ ಬಡಿದುಕೊಳ್ಳತೊಡಗಿತು. ಹುಡುಗ ನೆಲಕ್ಕೆ ಕೈ ಊರದೆ, ಕೂತಲ್ಲಿಂದ ಹಾಗೇ ಎದ್ದು ನಿಂತ. ಬಾಸಿಗೆ ಏಳಲಾಗಲಿಲ್ಲ. ಹುಡುಗ ಮಂಡಿ ಬಗ್ಗಿಸಿ ಕೂತು, ಅವನನ್ನು ತೋಳಲ್ಲಿ ಬಾಚಿ ಎತ್ತಿ, ಎರಡು ಮಹಡಿ ಮೆಟ್ಟಿಲು ಇಳಿಸಿ ಹೊರಗೆ ತಂದು ನಿಲ್ಲಿಸಿದ. ಅವನ ಉಸಿರು ಕೂಡ ಏರಿರಲಿಲ್ಲ.

ಬಾಸು ಕಣ್ಣೊರೆಸಿಕೊಂಡು ಹುಡುಗನ ಮಂಡಿಗಳನ್ನೇ ನೋಡಿದ. ನೋಟ್‌ಬುಕ್ಕು ತೆಗೆದು ಆ ಸಾಲನ್ನು ಪೂರ್ತಿ ಹೊಡೆದುಹಾಕಿದ. ಇಂಥ ಕಾಲು ನಾನು ನೋಡಿಲ್ಲ, ಇವನೂ ನಮ್ಮವನು, ನೀನೂ ನಮ್ಮವನಾಗೇ ಇರು ಅಂದ.

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಆ ತಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿ ಬಂದರು. ಬಾಸು ಹೊಗಳಿದ್ದು ಅವರ ಕಿವಿಗೆ ಬಿದ್ದಿತ್ತು.

"ಬ್ಯಾಕ್ ಪೇನ್ ಆಲ್ಸೋ ದೇರ್ ಸಾರ್" ಅಂದರು. "ಪ್ಲೀಸ್ ರೈಟ್."