ನಕ್ಷತ್ರ ಹುಡುಕುವ ತಟ್ಟೆ, ಹಸು ದಾಟುವ ದಾರಿ

ನಮ್ಮೂರಿನಿಂದ ಆಂಡರ್ಸನ್‌ಪೇಟೆಗೆ ಹಸು ಹೊಡೆದುಕೊಂಡು ಹೋಗುವ ದಾರಿಗೆ ಬೇಲಿ ಹಾಕಿದರು. ಊರಿನ ಒಬ್ಬರನ್ನೂ ಕೇಳಲಿಲ್ಲ. ಇದು ತಪ್ಪು. ಓದಿದವರೇ ಮಾಡಿದ ತಪ್ಪು. ಅದಕ್ಕೇ ಆ ಬೇಲಿಯ ಸುತ್ತ ದಿನಕ್ಕೊಂದು ತಮಾಷೆ ನಡೆಯುತ್ತಲೇ ಇದೆ.

೧. ಪರದೆ

ಬೇಲಿಯೊಳಗೆ ಎದ್ದದ್ದು ಕಬ್ಬಿಣದ ದೊಡ್ಡ ತಟ್ಟೆ, ರೇಡಿಯೋ ದೂರದರ್ಶಕ. ಗೇಟಿನ ಬಳಿ ಜನ ಸೇರಿದರು. ವಿಜ್ಞಾನಿಯೊಬ್ಬರು ಹೊರಗೆ ಬಂದರು.

"ಸಾಮಿ, ಇದ್ರಲ್ಲಿ ಭಾನುವಾರದ ಸಿನಿಮಾ ಬತ್ತದಾ?" ಎಂದ ನನ್ನ ಪಕ್ಕದ ಮನೆಯವನು.

"ಇಲ್ಲಪ್ಪ. ದೊಡ್ಡ ನಕ್ಷತ್ರಗಳು ಹುಟ್ಟೋ ಜಾಗ ಹುಡುಕ್ತೀವಿ. ದಟ್ಟ ಧೂಳಿನ ಮೋಡದೊಳಗೆ ಹುಟ್ತವೆ. ಬೆಳಕು ಆಚೆ ಬರಲ್ಲ, ರೇಡಿಯೋ ಅಲೆ ಬರುತ್ತೆ."

ಊರಿನ ಸೂಲಗಿತ್ತಿ ಮುಂದೆ ಬಂದಳು. "ಎರಿಗೆ ಆಗೋ ಕಡೆ ಗಂಡಸ್ರು ಇಣುಕಬಾರ್ದು ಅಂತ್ಲೇ ಪರದೆ ಕಟ್ಟಿರೋದು. ನಿಮಗ್ಯಾಕೆ ಸಾಮಿ ಅಲ್ಲಿ ಕೆಲ್ಸ?"

ವಿಜ್ಞಾನಿ ಒಳಗೆ ಹೋಗಿ ಗೇಟು ಹಾಕಿಕೊಂಡರು.

೨. ಕಣ್ಣೆದುರು ಕರೆದ ಹಾಲು

ಆಂಡರ್ಸನ್‌ಪೇಟೆಯವರು ಕ್ಯಾನಿನ ಹಾಲು ನಂಬುವವರಲ್ಲ. ಹಸುವನ್ನೇ ಮನೆಬಾಗಿಲಿಗೆ ಕರೆದೊಯ್ಯಬೇಕು, ಅವರ ಪಾತ್ರೆಗೇ ಕರೆಯಬೇಕು. ನಮ್ಮೂರಿನ ಎಷ್ಟೋ ಮನೆಗಳ ಅನ್ನ ಅದು. ದಾರಿ ಮುಚ್ಚಿದ ಮೇಲೆ ಸುತ್ತು ರಸ್ತೆಯಲ್ಲಿ ನಡೆಸಿದರೆ ಹಸುವೂ ಸುಸ್ತು, ಹಾಲೂ ಕಮ್ಮಿ. ಕೊನೆಗೆ ಹಸು ಮನೆಯಲ್ಲಿ ಬಿಟ್ಟು, ಹಳೇ ಮೊಪೆಡ್‌ಗಳಿಗೆ ಕ್ಯಾನು ಕಟ್ಟಿದರು.

ಮೊದಲ ದಿನವೇ ತಮಿಳಿನ ಅಕ್ಕ ಒಬ್ಬಳು ಪಾತ್ರೆ ಬಗ್ಗಿಸಿ ನೋಡಿ, "ಇದು ಪಾಲಾ, ತಣ್ಣಿಯಾ?" ಅಂದಳು.

"ನೀರಲ್ಲಕ್ಕಾ, ನಮ್ಮ ಗೌರಿ ಹಾಲೇ," ಅಂದ ಪಕ್ಕದ ಮನೆಯವನು.

"ಹಂಗಾದ್ರೆ ನಾಳೆ ಗೌರಿನ ಹಿಂದ್ಗಡೆ ಕೂರಿಸ್ಕೊಂಡು ಬಾ. ಆಮೇಲೆ ತಗೊಳ್ತೀನಿ."

೩. ಪ್ಲಗ್

ಮೊಪೆಡ್‌ಗಳು ಬೇಲಿಯ ಪಕ್ಕದಲ್ಲೇ ಓಡಬೇಕು. ವಿಜ್ಞಾನಿ ಊರೊಳಕ್ಕೇ ಓಡಿಬಂದರು. ದಿನಾ ಬೆಳಿಗ್ಗೆ ಅವರ ಯಂತ್ರದ ತುಂಬ ಗದ್ದಲವಂತೆ. ನಕ್ಷತ್ರದ್ದಲ್ಲ, ಮೊಪೆಡ್‌ನ ಸ್ಪಾರ್ಕ್ ಪ್ಲಗ್‌ನದು. ಆ ಕಿಡಿಯೂ ರೇಡಿಯೋ ಅಲೆ ಎಬ್ಬಿಸುತ್ತದಂತೆ.

"ದಾರಿ ಬಿಡಿ. ಹಸುವಿಗೆ ಪ್ಲಗ್ ಇಲ್ಲ," ಅಂದೆ.

"ಅದು ನನ್ನ ಕೈಲಿಲ್ಲ. ಬೇಲಿ ಮುಗಿಯೋವರೆಗೆ ಇಂಜಿನ್ ಆಫ್ ಮಾಡಿ ತಳ್ಳಿಕೊಂಡು ಹೋಗಿ."

"ಕ್ಯಾನು ತುಂಬಿರ್ತದೆ ಸಾಮಿ. ಯಾರು ತಳ್ಳೋರು?" ಅಂದ ಪಕ್ಕದ ಮನೆಯವನು.

ಮಾರನೆಯ ಬೆಳಿಗ್ಗೆ ಅವನು ಮೊಪೆಡ್ ಮೇಲೆ ಕೂತು ಹ್ಯಾಂಡಲ್ ಹಿಡಿದಿದ್ದ. ಹಿಂದಿನಿಂದ ವಿಜ್ಞಾನಿ ತಳ್ಳುತ್ತಿದ್ದರು.

೪. ಹೊತ್ತು

ಕಳೆದ ವಾರ ಅವರ ದೊಡ್ಡ ಅಧಿಕಾರಿ ಕಾರಿನಲ್ಲಿ ಬಂದರು. ಕಾರಿನ ಮುಂದೆ ನಾವೆಲ್ಲ ನಿಂತೆವು. ಬೆಳಿಗ್ಗೆ ಒಂದು ಗಂಟೆ ಹೊತ್ತು ಗೇಟು ತೆರೆದರೆ ಸಾಕು, ಹಸುಗಳು ದಾಟುತ್ತವೆ ಅಂದೆ.

"ಸಾಧ್ಯವೇ ಇಲ್ಲ. ದನ ಒಳಗಿದ್ರೆ ತಟ್ಟೆ ನಿಲ್ಲಿಸಬೇಕಾಗುತ್ತೆ. ಒಂದು ಗಂಟೆಯೂ ಕಳೆದುಕೊಳ್ಳೋ ಹಾಗಿಲ್ಲ ಕಣ್ರೀ!"

ಸೂಲಗಿತ್ತಿ ಕೇಳಿದಳು, "ಸಾಮಿ, ಒಂದು ನಕ್ಷತ್ರ ಹುಟ್ಟಕ್ಕೆ ಎಷ್ಟು ಹೊತ್ತಾಯ್ತದೆ?"

"ಲಕ್ಷ ವರ್ಷ ಅಂದುಕೊಳ್ಳಿ," ಎಂದರು, ತಾವೇ ಹೆತ್ತವರ ಹಾಗೆ.

"ಲಕ್ಷ ವರ್ಸ ನೋವು ತಿನ್ನೋ ಬಸುರಿ, ನಮ್ಮ ಅಸು ದಾಟೋಗಂಟ ತಡ್ಕೊಳ್ಳಲ್ವಾ?"

ವಿಜ್ಞಾನಿ ಆಚೆ ತಿರುಗಿ ನಕ್ಕರು. ಅಧಿಕಾರಿ ನಗಲಿಲ್ಲ, ಕಾರು ಹತ್ತಿದರು. ಗೇಟು ಇವತ್ತಿಗೂ ಮುಚ್ಚಿದೆ.

ನೀವೂ ನಕ್ಕಿರಾ? ಸಂತೋಷ. ನಕ್ಕು ಮನೆಯಲ್ಲಿ ಕೂರಬೇಡಿ. ಸೋಮವಾರ ಬೆಳಿಗ್ಗೆ ಹಸು ಹಿಡಿದುಕೊಂಡು ಗೇಟಿಗೆ ಬನ್ನಿ. ಹಸು ಇಲ್ಲದವರು ಬರಿಗೈಲಿ ಬನ್ನಿ. ಆದರೆ ಬನ್ನಿ.